ಸರ್ ಹೇಳಿದ ಪ್ರಕಾರ

ಹ್ಯಾಂಬರ್ಗ್ ನಗರದಲ್ಲಿ ನನಗೆ ಸಿಕ್ಕ ಕೆಲಸ ನೊಣಗಳಿಗೆ ಅಡುಗೆ ಮಾಡುವುದು. ಮೆಕ್ಕೆಜೋಳದ ಹಿಟ್ಟು, ಯೀಸ್ಟ್, ಸಕ್ಕರೆಗಡ್ಡೆಯ ಕಪ್ಪು ಪಾಕ, ಗಟ್ಟಿಯಾಗಲು ಒಂದಿಷ್ಟು ಅಗರ್. ಹಂಡೆಯಷ್ಟು ದೊಡ್ಡ ಉಕ್ಕಿನ ಪಾತ್ರೆಯಲ್ಲಿ ಕುದಿಸಿ, ಬೆರಳುದ್ದದ ಕೊಳವೆಗಳಿಗೆ ಸುರಿದು, ಆರಿದ ಮೇಲೆ ಹತ್ತಿಯ ಬಿರಡೆ ಹಾಕಬೇಕು. ಮೊದಲ ದಿನ ಅಡುಗೆಮನೆಯ ಹಿರಿಯಳಾದ ಗಿಜೆಲಾ ನನ್ನನ್ನು ಪಕ್ಕದ ಕೋಣೆಗೆ ಕರೆದೊಯ್ದಳು. ಗೋಡೆಯಿಂದ ಗೋಡೆಗೆ ಕಪಾಟು, ಕಪಾಟಿನ ತುಂಬ ಕೊಳವೆ, ಕೊಳವೆಯ ತುಂಬ ನೊಣ. ತಿಕೋಟಾದ ಒಣದ್ರಾಕ್ಷಿ ಶೆಡ್ಡುಗಳಲ್ಲಿ ಕೊಳೆತ ಕಾಯಿಗೆ ಮುತ್ತುವ, ನಾವು ಟವೆಲ್ ಬೀಸಿ ಓಡಿಸುವ ಅದೇ ಸಣ್ಣ ಕೆಂಗಣ್ಣಿನ ಹಣ್ಣುನೊಣ. ಇಲ್ಲಿ ಪ್ರತಿ ಕೊಳವೆಯ ಮೇಲೂ ಚೀಟಿ. ಅದರಲ್ಲಿ ನೊಣದ ವಂಶದ ಹೆಸರು, ಹುಟ್ಟಿದ ದಿನ, ಸಾಕಿದವರ ಹೆಸರು.

"ಹೆಸರಿಲ್ಲದ ಕೊಳವೆ ಕಂಡರೆ ಎಸೆದುಬಿಡು" ಎಂದಳು ಗಿಜೆಲಾ. "ಯಾರದ್ದು ಅಂತ ಗೊತ್ತಿಲ್ಲದ್ದು ಇಲ್ಲಿ ಕಸ."

ಅದೇ ವಾರ ನಮಗೆ ಬರಬೇಕಿದ್ದ ಮೂರು ಪತ್ರಗಳು ವಾಪಸು ಹೋದವು. ಮನೆ ಇತ್ತು, ಒಳಗೆ ನಾವಿದ್ದೆವು. ಆದರೆ ಕೆಳಗಿನ ಬಾಗಿಲಿನ ಗಂಟೆಯ ಪಕ್ಕದಲ್ಲಿ ನಮ್ಮ ಹೆಸರಿರಲಿಲ್ಲ. ಆ ಸಣ್ಣ ಪಟ್ಟಿಗೆ ಇಲ್ಲಿಯವರು ಕ್ಲಿಂಗೆಲ್‌ಶಿಲ್ಡ್ ಎನ್ನುತ್ತಾರೆ. ಅದರಲ್ಲಿ ಹೆಸರಿಲ್ಲದವನು ಆ ಮನೆಯಲ್ಲಿಲ್ಲ ಎಂದು ಅಂಚೆಯವನು ತೀರ್ಮಾನಿಸುತ್ತಾನೆ. ವಿಜಯಪುರದ ಜಲನಗರದಲ್ಲಿ ನಾವು ಬಾಡಿಗೆಗಿದ್ದ ಮನೆಗೆ ಹೆಸರಿನ ಫಲಕವೇ ಇರಲಿಲ್ಲ. ಅಂಚೆಯವರು "ಪೇಪರ್‌ನವರ ಮನಿ ಯಾವುದ್ರಿ?" ಎಂದು ಕೇಳಿಕೊಂಡು ಬಂದು, ಪತ್ರ ಕೊಟ್ಟು, ನೀರು ಕುಡಿದು, ಊರ ಸುದ್ದಿ ವಿಚಾರಿಸಿಕೊಂಡು ಹೋಗುತ್ತಿದ್ದರು. ಅಲ್ಲಿ ಹೆಸರಿಲ್ಲದೆ ನಡೆಯುತ್ತಿತ್ತು. ನಡೆಯುತ್ತಿತ್ತು ಎಂಬುದೇ ನಮಗೆ ಮುಳುವಾಯಿತು. ಈ ಬರಹ ಅದರ ಬಗ್ಗೆ. ಇದು ಸಿಟ್ಟಿನ ಬರಹ. ಆದರೂ ಪತ್ರಿಕೆಯಲ್ಲಿ ಹನ್ನೊಂದು ವರ್ಷ ದುಡಿದ ಅಭ್ಯಾಸ ಬಿಡುವುದಿಲ್ಲ: ಕಂಡದ್ದನ್ನು ಕಂಡದ್ದೆಂದೂ ಕೇಳಿದ್ದನ್ನು ಕೇಳಿದ್ದೆಂದೂ ಬರೆಯುತ್ತೇನೆ.

ನನ್ನ ಊರು ತಿಕೋಟಾ. ನಾನು ವಿಜಯಪುರದಲ್ಲಿ ವರದಿಗಾರನಾಗಿದ್ದೆ. ಹೆಂಡತಿ ಸುಜಾತಾ ಬಬಲೇಶ್ವರದ ಹತ್ತಿರದ ಜೈನಾಪುರದವಳು, ಜೀವಕೋಶಗಳನ್ನು ಓದುವವಳು. ಅವಳಿಗೆ ಇಲ್ಲಿನ ಸಂಶೋಧನಾ ಸಂಸ್ಥೆಯೊಂದರಲ್ಲಿ ಕೆಲಸ ಸಿಕ್ಕಿತು. ನಾನು ಅವಳ ವೀಸಾಕ್ಕೆ ಜೋತುಬಿದ್ದು ಬಂದು, ಅದೇ ಸಂಸ್ಥೆಯ ನೊಣದ ಅಡುಗೆಮನೆ ಸೇರಿದೆ. ತಿಕೋಟಾದಲ್ಲಿ ನನ್ನ ಕಾಕಾ ಇದನ್ನು ಒಂದೇ ಮಾತಿನಲ್ಲಿ ಮುಗಿಸಿದ್ದರು: "ಹೆಂಡತಿ ಕೂಡ ಗಂಡ ನಾಂದಲಿಕ್ಕೆ ಹೊಂಟಾನ." ಗಂಡನ ಮನೆಗೆ ಬಾಳಲು ಹೋಗುವ ಹೆಣ್ಣಿಗೆ ನಮ್ಮಲ್ಲಿ ಆಡುವ ಮಾತು ಅದು. ನಗೆಯಾಡಿದವರೆಲ್ಲ ನಮ್ಮವರೇ, ಹಾಗಾಗಿ ನಾನೂ ನಕ್ಕಿದ್ದೆ.

ಇಲ್ಲಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಒಂದೇ ನಮಸ್ಕಾರ, "ಮೊಯ್ನ್". ಅದನ್ನು ಒಂದೇ ಸಲ ಹೇಳಬೇಕು, ಎರಡು ಸಲ ಹೇಳಿದರೆ ವಾಚಾಳಿ ಎನ್ನುತ್ತಾರೆ. ನಮ್ಮಲ್ಲಿ "ಆರಾಮದೀರಿ? ಮನ್ಯಾಗ ಎಲ್ಲಾ ಆರಾಮ? ಊಟ ಆತ್ರಿ?" ಎಂದು ಮೂರು ಮೆಟ್ಟಿಲು ಹತ್ತಿದ ಮೇಲೆಯೇ ಮಾತು ಶುರು. ಮೊದಲ ಚಳಿಗಾಲದಲ್ಲಿ, ನಾಲ್ಕು ಗಂಟೆಗೇ ಕತ್ತಲಾಗುವ ದಿನಗಳಲ್ಲಿ, ಆ ಒಂದು ಶಬ್ದದ ಆಚೆಗೆ ಯಾರೂ ನನ್ನೊಂದಿಗೆ ಮಾತಾಡದೆ ವಾರಗಳು ಕಳೆದವು. ಟರ್ಕಿಯವರ ಅಂಗಡಿಯಲ್ಲಿ ಜೋಳದ ಹಿಟ್ಟು ಸಿಕ್ಕ ದಿನ, ಅದು ರೊಟ್ಟಿಯಾಗದೆ ಬಿರಿದು ಚೂರಾದರೂ, ನಾವಿಬ್ಬರೂ ಆ ಚೂರುಗಳನ್ನೇ ಬದನೆಕಾಯಿ ಪಲ್ಯದೊಂದಿಗೆ ತಿಂದು ಗೆದ್ದೆವು ಅಂದುಕೊಂಡೆವು.

ಸುಜಾತಾಳ ಮುಖ್ಯಸ್ಥನ ಹೆಸರು ಯೆನ್ಸ್. ಜರ್ಮನ್‌ನಲ್ಲಿ ನೀನು ಎನ್ನಲು "ಡು", ನೀವು ಎನ್ನಲು "ಜೀ". ಮೊದಲ ದಿನವೇ ಅವನು, "ಇಲ್ಲಿ ಯಾರೂ ಮೇಲಿಲ್ಲ ಕೆಳಗಿಲ್ಲ, ನನ್ನನ್ನು ಡು ಅನ್ನು, ಯೆನ್ಸ್ ಅಂತಲೇ ಕರೆ" ಎಂದನಂತೆ. ಸುಜಾತಾಳಿಗೆ ನಾಲಿಗೆ ಹೊರಳಲಿಲ್ಲ. ಅವಳು ಅವನನ್ನು ಇವತ್ತಿಗೂ ನನ್ನೆದುರು "ಸರ್" ಎನ್ನುತ್ತಾಳೆ. ನಮ್ಮಲ್ಲಿ ಬಹುವಚನದಲ್ಲಿ ಕರೆಸಿಕೊಂಡು ತುಳಿಯುತ್ತಾರೆ. ಏಕವಚನದಲ್ಲಿ ಕರೆಸಿಕೊಂಡೂ ತುಳಿಯಬಹುದೆಂದು ಇಲ್ಲಿಗೆ ಬಂದ ಮೇಲೆ ಕಲಿತೆ.

ಅವಳ ಕೆಲಸ ಏನೆಂದು ಹೇಳದೆ ಮುಂದಿನದು ತಿಳಿಯುವುದಿಲ್ಲ. ನೊಣ ಹುಳುವಾಗಿದ್ದಾಗ ಅದರ ಮೈಯೊಳಗೆ ಒಂದು ಪುಟ್ಟ ಚೀಲ ಇರುತ್ತದೆ. ಅದೇ ಮುಂದೆ ರೆಕ್ಕೆಯಾಗುತ್ತದೆ. ಆ ಚೀಲದ ಕೋಶಗಳು ಒಂದಕ್ಕೊಂದು ಅಂಟಿಕೊಂಡು, ಒಂದನ್ನೊಂದು ಎಳೆಯುತ್ತ, ಒತ್ತುತ್ತ, ಒಡೆದು ಎರಡಾಗುತ್ತ ಬೆಳೆಯುತ್ತವೆ. "ಬೆಳೆ" ಎಂಬ ಸಂದೇಶ ನಡುವಿನ ಕೋಶಗಳಿಗೆ ಹೆಚ್ಚು ಸಿಗುತ್ತದೆ. ಹಾಗಿದ್ದರೆ ನಡು ಉಬ್ಬಿ ಅಂಚು ಸೊರಗಬೇಕಿತ್ತು. ಹಾಗಾಗುವುದಿಲ್ಲ, ಎಲ್ಲ ಕಡೆ ಹೆಚ್ಚುಕಡಿಮೆ ಸಮನಾಗಿ ಬೆಳೆಯುತ್ತದೆ. ಯಾಕೆ? ಬಹಳ ಜನ ಸಂಶೋಧಕರು ಕೊಡುವ ಒಂದು ಉತ್ತರ: ನಡುವಿನವು ಇಕ್ಕಟ್ಟಿನಲ್ಲಿ ಒತ್ತಿಸಿಕೊಂಡಿರುತ್ತವೆ, ಆ ಒತ್ತಡವೇ ಬೆಳವಣಿಗೆಗೆ ಕಡಿವಾಣ. ಅಂಚಿನವು ಎಳೆಸಿಕೊಳ್ಳುತ್ತವೆ, ಆ ಎಳೆತವೇ ಅವುಗಳಿಗೆ ಪ್ರಚೋದನೆ. ಕೋಶಕ್ಕೆ ಎಷ್ಟು ಸಂದೇಶ ಸಿಕ್ಕಿತು ಎಂಬುದಷ್ಟೇ ಅಲ್ಲ, ನೆರೆಯವರು ಎಷ್ಟು ಒತ್ತಿದರು, ಎಷ್ಟು ಎಳೆದರು ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಇದನ್ನು ಪರೀಕ್ಷಿಸಲು ಪ್ರಯೋಗಾಲಯದವರು ಬೆಳಕಿನ ಸೂಜಿಯಂಥ ಲೇಸರ್‌ನಿಂದ ಚೀಲದ ನಡುವೆ ಉದ್ದಕ್ಕೆ ಒಂದು ಗೀರು ಹಾಕುತ್ತಿದ್ದರು. ಒತ್ತಡ ಸಡಿಲಾಗುತ್ತಿತ್ತು, ಕೋಶಗಳೂ ಬೆಳೆಯುತ್ತಿದ್ದವು. ಆದರೆ ಗಾಯವಾದ ಜಾಗ ಮಾಯಲೆಂದೂ ಕೋಶಗಳು ಬೆಳೆಯುತ್ತವೆ. ಬೆಳೆದದ್ದು ಒತ್ತಡ ಇಳಿದದ್ದಕ್ಕೋ ಗಾಯಕ್ಕೋ? ಸುಜಾತಾ ಬರುವ ಮುಂಚಿನಿಂದಲೂ ಅವರು ಅಲ್ಲೇ ಸಿಕ್ಕಿಕೊಂಡಿದ್ದರು.

ಸುಜಾತಾಳ ತಾಯಿ ದ್ಯಾಮವ್ವ ಬಬಲೇಶ್ವರದ ಸುತ್ತ ಮಂದಿಯ ದ್ರಾಕ್ಷಿ ತೋಟಗಳಲ್ಲಿ ಕತ್ತರಿ ಹಿಡಿದು ಬದುಕಿದವಳು. ಕಾಯಿ ಸಣ್ಣದಿರುವಾಗಲೇ ಗೊನೆಯೊಳಗಿಂದ ಕೆಲವನ್ನು ಕತ್ತರಿಸಿ ತೆಗೆಯುವ ಕೆಲಸ ಅದು. ತೆಗೆಯದಿದ್ದರೆ ಕಾಯಿಗಳು ಒಂದನ್ನೊಂದು ಒತ್ತಿ, ಚಪ್ಪಟೆಯಾಗಿ, ಬೆಳೆಯದೆ ಒಳಗೇ ಕೊಳೆಯುತ್ತವೆ. ಯಾವುದನ್ನು ತೆಗೆಯಬೇಕು ಎಂಬುದು ಪುಸ್ತಕದಲ್ಲಿಲ್ಲ, ಬೆರಳಿನಲ್ಲಿದೆ. ಒಮ್ಮೆ ವಿಜಯಪುರದ ಫಲಪ್ರದರ್ಶನದಲ್ಲಿ ದ್ಯಾಮವ್ವ ಕತ್ತರಿ ಆಡಿಸಿದ ಗೊನೆಗೆ ಬಹುಮಾನ ಬಂತು. ವೇದಿಕೆ ಹತ್ತಿ ಹಾರ ಹಾಕಿಸಿಕೊಂಡದ್ದು ತೋಟದ ಮಾಲೀಕ. ದ್ಯಾಮವ್ವ ಕೆಳಗೆ ನಿಂತು ಚಪ್ಪಾಳೆ ತಟ್ಟಿದ್ದಳು. ಅದನ್ನು ಸುದ್ದಿ ಮಾಡಿದವರಲ್ಲಿ ನಾನೂ ಒಬ್ಬ. ಮಾಲೀಕನ ಹೆಸರನ್ನು ತಪ್ಪಿಲ್ಲದೆ ಬರೆದಿದ್ದೆ.

ಒಂದು ಭಾನುವಾರ ಮಧ್ಯಾಹ್ನ ಸುಜಾತಾ ಕಿಟಕಿಯ ಪಕ್ಕ ಕೂತು ತಾಯಿಗೆ ಮೊಬೈಲಿನಲ್ಲಿ ಧ್ವನಿಸಂದೇಶ ಕಳಿಸುತ್ತಿದ್ದಳು. ದ್ಯಾಮವ್ವನಿಗೆ ಓದು ಬರಹ ಬಾರದು, ಮಾತಿನ ಸಂದೇಶವೇ ಅವಳ ಪತ್ರ. ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಅವರ ಮಾತು ಇಡಿಯಾಗಿ ನನ್ನ ಕಿವಿಗೆ ಬಿತ್ತು.

"ಯವ್ವಾ, ಒಂದ್ ಮಾತ್ ಕೇಳ್ತೀನಿ. ನೀ ಕಾಯಿ ತೆಗಿಯೂವಾಗ ಒಂದ ಕಡೆಯಿಂದ ಸಾಲಾಗಿ ತೆಗಿಯಂಗಿಲ್ಲ. ಅಲ್ಲೊಂದು ಇಲ್ಲೊಂದು ತೆಗಿತಿ. ಯಾಕ?"

ಉತ್ತರ ಬಂತು. ಹಿಂದೆ ಎಮ್ಮೆಯ ಕೂಗು. "ಒಂದ ಕಡೆ ಕಿತ್ರ ಅಲ್ಲೆ ಗಾಯ ಆಗ್ತೈತಿ ಬೇ, ಗೊನಿ ಸೊಟ್ಟ ಆಗ್ತೈತಿ. ಇಕ್ಕಟ್ಟು ಎಲ್ಲೈತಿ ಅಲ್ಲೆ ನಡುವಿಂದು ಒಂದೊಂದ ತೆಗಿಬೇಕು. ಬಾಜೂದವಕ್ಕ ಜಾಗ ಸಿಗ್ತೈತಿ, ಬೆಳೀತಾವ."

"ಸಡ್ಲ ಇದ್ದ ಗೊನಿಗೆ ಕತ್ರಿ ಹಾಕಿದ್ರ?"

"ಏನ್ ಬಂತು? ಕಾಯಿ ಕಡಿಮಿ ಆದ್ವು ಅಷ್ಟ. ಮಾಲಕನ ಕಡೆ ಬೈಸ್ಕೊಳ್ಳೂದು."

ಸುಜಾತಾ ಮತ್ತೆ ಗುಂಡಿ ಒತ್ತಿದಳು. "ಹಂಗಾದ್ರ ನಾನೂ ಹಂಗ ಮಾಡ್ತೀನಿ ನೋಡು. ರೆಕ್ಕಿ ನಡುವ ಇಕ್ಕಟ್ಟು ಇರ್ತೈತಿ, ಅಲ್ಲೆ ಒಂದೊಂದ ಕೋಶ ತೆಗೀತೀನಿ. ಅಂಚಿನಾಗ ಸಡ್ಲ ಇರ್ತೈತಿ, ಅಲ್ಲೂ ಅಷ್ಟ ತೆಗೀತೀನಿ. ನಡುವ ಬೆಳದು ಅಂಚಿನಾಗ ಬೆಳೀಲಿಲ್ಲ ಅಂದ್ರ ಅದು ಗಾಯದ್ದಲ್ಲ, ಇಕ್ಕಟ್ಟಿಂದು."

"ನೊಣಕ್ಕೂ ಕತ್ರಿ ಹಾಕ್ತಿ? ಹಾಕವ್ವಾ. ಕೈ ಹುಷಾರ್."

ಇಬ್ಬರೂ ನಕ್ಕರು. ದ್ರಾಕ್ಷಿಕಾಯಿ ದಪ್ಪಗಾಗುವುದಕ್ಕೆ ಬೇರಿನ ರಸವೂ ಕಾರಣ, ಕಾಯಿಯೇ ಬೇರೆ ಕೋಶವೇ ಬೇರೆ ಎಂದು ಸುಜಾತಾ ನನಗೆ ಆಮೇಲೆ ತಿಳಿಹೇಳಿದಳು. ಹೋಲಿಕೆ ಪುರಾವೆಯಲ್ಲ ಎಂದಳು. ಸರಿಯೇ. ಆದರೆ ಪ್ರಯೋಗದ ದಾರಿ ಹುಟ್ಟಿದ್ದು ಅಲ್ಲಿ, ಆ ಭಾನುವಾರ, ನನ್ನ ಈರುಳ್ಳಿಯ ವಾಸನೆಯ ನಡುವೆ. ಇದು ನಾನು ಕೇಳಿದ್ದು.

ಮಂಗಳವಾರ ಅವಳು ಯೆನ್ಸ್‌ಗೆ ಹೇಳಿದಳು. ಅವನು "ಒಳ್ಳೆಯದು, ಮಾಡು" ಎಂದ. ಎಂಟು ತಿಂಗಳು ಮಾಡಿದಳು. ಅವಳು ಬೇಡಿದ ದಿನ ಬೇಡಿದಷ್ಟು ಹುಳುಗಳಿಗೆ ನಾನು ಪಾಕ ಕುದಿಸಿದೆ. ನಡುವಿನಲ್ಲಿ ಉಳಿದ ಕೋಶಗಳು ಹೆಚ್ಚು ಒಡೆದವು, ಅಂಚಿನಲ್ಲಿ ಅಷ್ಟೇನೂ ಬದಲಾಗಲಿಲ್ಲ. ಗಂಟು ಬಿಚ್ಚಿತ್ತು.

ಒಂದು ಮಧ್ಯಾಹ್ನ ಅವಳು ನನ್ನ ಅಡುಗೆಮನೆಗೇ ಬಂದಳು. ಕೈಯಲ್ಲಿ ಪ್ರಬಂಧದ ಕರಡು.

"ನೋಡ್ರಿ ಇದನ್ನ."

ಮೊದಲ ಹೆಸರು ಫ್ಲೋರಿಯಾನ್, ಅವಳ ಜೊತೆಯ ಸಂಶೋಧಕ. ಎರಡನೆಯದು ಸುಜಾತಾ. ಕೊನೆಯದು ಯೆನ್ಸ್. ಓದುಗರಿಗೆ ಇದರ ತೂಕ ತಿಳಿಯಬೇಕು. ಈ ಲೋಕದಲ್ಲಿ ಮೊದಲ ಹೆಸರಿನವನು ಕೆಲಸ ಮಾಡಿದವನು, ಕೊನೆಯ ಹೆಸರಿನವನು ಮಾಡಿಸಿದವನು, ನಡುವಿನವರು ಕೈಜೋಡಿಸಿದವರು. ಮೊದಲ ಹೆಸರು ಸಿಕ್ಕರೆ ಸುಜಾತಾ ಮುಂದೆ ಸ್ವಂತ ಪ್ರಯೋಗಾಲಯಕ್ಕೆ ಅರ್ಜಿ ಹಾಕಬಹುದು. ಸಿಗದಿದ್ದರೆ ಬರುವ ಬೇಸಿಗೆಗೆ ಒಪ್ಪಂದ ಮುಗಿಯುತ್ತದೆ, ವೀಸಾ ಮುಗಿಯುತ್ತದೆ.

"ಫ್ಲೋರಿಯಾನ್ ಏನ್ ಮಾಡ್ಯಾನ?" ಎಂದೆ.

"ಕಂಪ್ಯೂಟರಿನಾಗ ಒತ್ತಡದ ಲೆಕ್ಕಾ ಮಾಡ್ಯಾನ. ಛಲೋನ ಮಾಡ್ಯಾನ, ಸುಳ್ಳ್ಯಾಕ ಹೇಳ್ಲಿ. ಆದ್ರ ವಿಚಾರ ನಂದು, ಕೈ ನಂದು."

"ಯೆನ್ಸ್‌ಗೆ ಕೇಳ್ದಿ?"

"ಕೇಳ್ದೆ. ನನ್ನ ನೋಟ್‌ಬುಕ್ ತಗದು ನನ್ನ ಮುಂದ ಇಟ್ರು."

ಅವಳು ಆ ಪುಟದ ಫೋಟೋ ತೋರಿಸಿದಳು. ಮಂಗಳವಾರದ ದಿನಾಂಕ. ಕೆಳಗೆ ಅವಳ ದುಂಡು ಅಕ್ಷರದ ಇಂಗ್ಲಿಷ್. ಕನ್ನಡದಲ್ಲಿ ಹೇಳುವುದಾದರೆ: "ಸರ್ ಹೇಳಿದ ಪ್ರಕಾರ, ಕೋಶಗಳನ್ನು ಬಿಡಿಬಿಡಿಯಾಗಿ ತೆಗೆಯುವ ಪ್ರಯೋಗ ಆರಂಭಿಸಲಾಯಿತು." ಮುಂದಿನ ಪುಟದಲ್ಲೂ ಸರ್ ಹೇಳಿದ ಪ್ರಕಾರ. ಅದರ ಮುಂದಿನ ಪುಟದಲ್ಲೂ ಅದೇ.

"ಅವರು ಹೇಳಿದ್ರಾ?"

"ಎಲ್ಲಿ ಹೇಳ್ಯಾರ್ರಿ? ನಾ ಹೇಳ್ದೆ, ಅವರು ಹೂಂ ಅಂದ್ರು."

"ಮತ್ತ ಹಿಂಗ್ಯಾಕ ಬರದಿ?"

ಅವಳು ನನ್ನ ಮುಖವನ್ನೇ ನೋಡಿದಳು. "ನಮ್ಮಲ್ಲಿ ಹಂಗ ಬರೀತಾರಲ್ರಿ."

ನಿಜ. ನಮ್ಮಲ್ಲಿ ಹಾಗೇ ಬರೆಯುತ್ತಾರೆ. ವಿಜಯಪುರದ ಕಾಲೇಜಿನಲ್ಲಿ ಪ್ರಯೋಗದ ದಾಖಲೆ ಪುಸ್ತಕದಲ್ಲಿ ಅವಳು ಮೊದಲ ವರ್ಷ "ನಾನು ಗಮನಿಸಿದೆ" ಎಂದು ಬರೆದಿದ್ದಳಂತೆ. ಮೇಷ್ಟ್ರು ಕೆಂಪು ಗೆರೆ ಎಳೆದು, ತರಗತಿಯ ಎದುರು, "ಏನವಾ ಜೈನಾಪುರದ ವಿಜ್ಞಾನಿ, ನೀ ಯಾವಾಗಿನಿಂದ ಗಮನಿಸಾಕತ್ತಿ?" ಎಂದಿದ್ದರಂತೆ. ಎಲ್ಲರೂ ನಕ್ಕರು. ಅಲ್ಲಿಂದ ಪ್ರತಿ ಪುಟ "ಮಾರ್ಗದರ್ಶಕರ ಸೂಚನೆಯಂತೆ" ಎಂದೇ ಶುರುವಾಗುತ್ತಿತ್ತು, ಹಾಗೆ ಬರೆದರೆ ಬೇಗ ಸಹಿ ಸಿಗುತ್ತಿತ್ತು. ಆ ವಾಕ್ಯ ಅವಳಿಗೆ ಅರ್ಥವಿರುವ ವಾಕ್ಯವೇ ಆಗಿರಲಿಲ್ಲ. ಹಾಳೆಯ ಮೇಲೆ ಎಳೆಯುವ ಅಂಚುಗೆರೆಯಂತೆ ಅದು. ಹಿರಿಯರ ಎದುರು ಕೂರುವಾಗ ಸೆರಗು ಸರಿಮಾಡಿಕೊಂಡ ಹಾಗೆ.

ಇಲ್ಲಿ ಬರೆದದ್ದೆಲ್ಲ ಸಾಕ್ಷಿ. ಹೆಸರಿಲ್ಲದ ಕೊಳವೆ ಕಸ. ಯೆನ್ಸ್ ಈ ವ್ಯತ್ಯಾಸ ತಿಳಿಯದ ದಡ್ಡನಲ್ಲ. ಎಂಟು ತಿಂಗಳು ಆ ಪುಸ್ತಕಕ್ಕೆ ವಾರವಾರವೂ ಸಹಿ ಹಾಕಿದವನು ಅವನೇ. ತಾನು ಹೇಳದ್ದನ್ನು ತಾನು ಹೇಳಿದ್ದೆಂದು ಬರೆದದ್ದನ್ನು ವಾರವಾರವೂ ಓದಿದ. ಒಮ್ಮೆಯೂ "ಇದು ನಾನು ಹೇಳಿದ್ದಲ್ಲ, ನಿನ್ನದು" ಎನ್ನಲಿಲ್ಲ. ಅವನಿಂದ ಈಗಲೂ ಒಂದೇ ಪ್ರಶ್ನೆಗೆ ಉತ್ತರ ಬೇಕು: ಆ ವಾಕ್ಯಕ್ಕೆ ಸಹಿ ಹಾಕುವಾಗ ಪೆನ್ನು ಒಂದು ಕ್ಷಣವಾದರೂ ನಿಂತಿತೇ?

ಗಿಜೆಲಾ ಪಾತ್ರೆ ತಿಕ್ಕುತ್ತಿದ್ದಳು. ನಮ್ಮ ಮಾತು ಅವಳಿಗೆ ತಿಳಿಯದು, ಮುಖಗಳು ತಿಳಿದವು. ವಿಷಯ ಹೇಳಿದೆ. "ಒಂಬುಡ್ಸ್ ಹತ್ತಿರ ಹೋಗಿ" ಎಂದಳು. ಸಂಸ್ಥೆಯೊಳಗಿನ ದೂರು ಕೇಳಲೆಂದು ಇರುವ, ಯಾರ ಪಕ್ಷಕ್ಕೂ ಸೇರದ ಹಿರಿಯರಿಗೆ ಇಲ್ಲಿ ಆ ಹೆಸರು. "ಆದರೆ ಬರಿಗೈಯಲ್ಲಿ ಹೋಗಬೇಡಿ. ಇವರು ಕಾಗದವನ್ನು ನಂಬುತ್ತಾರೆ, ಕಣ್ಣೀರನ್ನಲ್ಲ."

ಆಗ ಆ ಭಾನುವಾರದ ಮಾತು ನೆನಪಾಯಿತು. ಸುಜಾತಾಳ ಹಳೆಯ ಮೊಬೈಲು ಅಷ್ಟರಲ್ಲಿ ನೀರಿಗೆ ಬಿದ್ದು ಸತ್ತಿತ್ತು. ದ್ಯಾಮವ್ವನ ಮೊಬೈಲಿನಲ್ಲಿ ಇರಬೇಕಿತ್ತು. ಡಿಸೆಂಬರಿನಲ್ಲಿ ಹೇಗೂ ರಜೆಗೆ ಊರಿಗೆ ಹೊರಟಿದ್ದೆವು.

ಬಬಲೇಶ್ವರದಲ್ಲಿ ಬಸ್ಸಿಳಿದು ಜೀಪು ಹಿಡಿದು ಜೈನಾಪುರ ಸೇರಿದಾಗ ದ್ಯಾಮವ್ವ ಕೆಲಸದಿಂದ ಇನ್ನೂ ಬಂದಿರಲಿಲ್ಲ. ನಾವೇ ತೋಟಕ್ಕೆ ಹೋದೆವು. ಬಳ್ಳಿಯ ಚಪ್ಪರದ ಕೆಳಗೆ ಹತ್ತಾರು ಹೆಂಗಸರು ಕತ್ತು ಮೇಲೆತ್ತಿ ಕತ್ತರಿ ಆಡಿಸುತ್ತಿದ್ದರು. ದ್ಯಾಮವ್ವ ಕತ್ತು ಇಳಿಸದೆಯೇ ಮಗಳನ್ನು ಮಾತಾಡಿಸಿದಳು.

"ಬಂದ್ಯಾ ಬೇ? ಸೊರಗಿ ಹೋಗೀದಿ. ಅಳಿಯಾರ, ನೊಣಕ್ಕ ಅಡಗಿ ಮಾಡಿ ಹಾಕ್ತೀರಿ ಏನ್ರಿ, ನನ್ನ ಮಗಳಿಗೂ ಒಂದೀಟ್ ಹಾಕ್ರೆಲಾ."

ಚಪ್ಪರದ ಉದ್ದಕ್ಕೂ ನಗು ಹಬ್ಬಿತು. ಸುಜಾತಾ ಸಂದೇಶದ ವಿಷಯ ಎತ್ತಿದಳು. ದ್ಯಾಮವ್ವ ಸೊಂಟದ ಚೀಲದಿಂದ ಮೊಬೈಲು ತೆಗೆದಳು. ಗಾಜು ಬಿರಿದಿತ್ತು. ಹೆಬ್ಬೆರಳಿನಿಂದ ಮೇಲೆ, ಇನ್ನೂ ಮೇಲೆ ತಳ್ಳುತ್ತ ಹೋದಳು. ಎಮ್ಮೆಯ ಕೂಗು ಕೇಳಿಸಿತು, ಆಮೇಲೆ ಅವಳದೇ ದನಿ. ಎಲ್ಲ ಸಂದೇಶ ಇದ್ದವು, ದಿನಾಂಕ ಗಂಟೆ ಸಹಿತ. ಮಂಗಳವಾರಕ್ಕಿಂತ ಎರಡು ದಿನ ಮೊದಲು.

"ಅಳಿಸಿಲ್ಲಲ್ಲ ಯವ್ವಾ!"

"ನಿನ್ನ ದನಿ ಯಾಕ ಅಳಸ್ಲಿ?" ಎಂದವಳು ಮತ್ತೆ ಕತ್ತರಿ ಎತ್ತಿದಳು.

ವಾಪಸು ಬರುವ ದಿನ ಬಬಲೇಶ್ವರದ ಬಸ್ ನಿಲ್ದಾಣದಲ್ಲಿ ಮೆಹಬೂಬ್ ಸಿಕ್ಕ. ಅವನು ನನ್ನ ಕಾಲದಲ್ಲಿ ಆ ಭಾಗದ ಅರೆಕಾಲಿಕ ಸುದ್ದಿಗಾರ. ಸಣ್ಣ ಅಂಗಡಿ ನಡೆಸುತ್ತ ನಮಗೆ ಸುದ್ದಿ ಕಳಿಸುತ್ತಿದ್ದ. ಓಡಿ ಬಂದು ಕೈ ಹಿಡಿದ, ಚಹಾದಂಗಡಿಗೆ ಎಳೆದೊಯ್ದ, ಅಂಗಡಿಯವನಿಗೆ ಪರಿಚಯಿಸಿದ.

"ಏ, ಸಾಹೇಬರಿಗೆ ಛಲೋ ಚಾ ಮಾಡಪಾ. ಆ ದ್ರಾಕ್ಷಿ ಹೆಣ್ಮಕ್ಕಳ ಸುದ್ದಿ ಬರದಿದ್ದ ಸರ್ ಅಂದ್ರ ಇವರ."

ಸುಜಾತಾ ಹೆಮ್ಮೆಯಿಂದ ನನ್ನತ್ತ ನೋಡಿದಳು.

ಆ ಸುದ್ದಿ ನನ್ನದಲ್ಲ. ಗೊನೆಗಳನ್ನು ಬೆಳವಣಿಗೆಯ ಔಷಧದಲ್ಲಿ ಅದ್ದುವ ಹೆಂಗಸರ ಕೈಚರ್ಮ ಸುಲಿಯುತ್ತಿತ್ತು. ಮೆಹಬೂಬ್ ಹದಿನೈದು ದಿನ ತೋಟ ತೋಟ ಅಲೆದು, ಕೈಗಳ ಚಿತ್ರ ತೆಗೆದು, ಹೆಸರು ಊರು ಸಮೇತ ಬರೆದು ಕಳಿಸಿದ. ನಾನು ಎರಡು ವಾಕ್ಯ ಹಿಂದುಮುಂದು ಮಾಡಿ, ಮೇಲೆ ನನ್ನ ಹೆಸರು ಹಾಕಿದೆ. ಅರೆಕಾಲಿಕರಿಗೆ ಬೈಲೈನ್ ಇಲ್ಲ ಎಂಬುದು ನಮ್ಮಲ್ಲಿ ನಡೆದುಬಂದ ರೂಢಿ. ಸುದ್ದಿಯಾದ ಮೇಲೆ ಹಲವು ತೋಟಗಳಲ್ಲಿ ಕೈಗವಸು ಬಂದವು. ನನಗೆ ಸನ್ಮಾನವಾಯಿತು. ಆ ಚಿತ್ರಗಳಲ್ಲೊಂದು ದ್ಯಾಮವ್ವನ ಕೈ. ಸುಜಾತಾ ನನ್ನನ್ನು ಮೊದಲು ಹುಡುಕಿಕೊಂಡು ಬಂದದ್ದು ಆ ಸುದ್ದಿಯ ಮೇಲಿದ್ದ ನನ್ನ ಹೆಸರು ಓದಿ. ಮದುವೆಯಾದದ್ದರಲ್ಲೂ ಆ ಹೆಸರಿನ ಪಾಲಿದೆ.

ವಿಜಯಪುರದ ಬಸ್ಸಿನಲ್ಲಿ ಇದನ್ನು ಸುಜಾತಾಳಿಗೆ ಹೇಳಿದೆ. ಯೆನ್ಸ್‌ನ ಮೇಲೆ ಸಿಟ್ಟು ಮಾಡುವ ಹಕ್ಕು ನನಗಿದೆಯೇ ಎಂದು ನನ್ನನ್ನೇ ಕೇಳಿಕೊಂಡು, ಇಲ್ಲ ಅನ್ನಿಸಿ ಹೇಳಿದೆ.

"ಅಂವಗ ನೀವು ಏನಂದ್ರಿ ಆಗ?"

"ಏನೂ ಅನ್ಲಿಲ್ಲ. ಅವನೂ ಏನೂ ಅನ್ಲಿಲ್ಲ."

"ಅನ್ನಂಗಿಲ್ರಿ. ನಾವ್ ಯಾರೂ ಅನ್ನಂಗಿಲ್ಲ. ಅದಕ್ಕ ನಿಮಗ ಛಲೋ ಆಗೇತಿ." ನನ್ನ ಕಡೆ ತಿರುಗಿ, "ನಾ ಜರ್ಮನ್ಯಾಗ ಸಿಟ್ಟು ಮಾಡ್ಲೋ, ಮನ್ಯಾಗ ಮಾಡ್ಲೋ?" ಎಂದಳು.

ಒಂಬುಡ್ಸ್ ಎದುರು ಸಂದೇಶಗಳನ್ನು ಇಟ್ಟಳು. ಗಂಡನ ಅನುವಾದ ನಡೆಯದು ಎಂದರು. ಅದು ಸರಿಯಾದ ನಿಯಮ. ಸಂಸ್ಥೆಯೇ ಬೇರೆ ಊರಿನಿಂದ ಒಬ್ಬ ಕನ್ನಡ ಬಲ್ಲವರನ್ನು ಹುಡುಕಿ ಅನುವಾದ ಮಾಡಿಸಿತು. ಅನುವಾದ ನಾನು ಓದಿದ್ದೇನೆ, ತಪ್ಪಿರಲಿಲ್ಲ. ಯೆನ್ಸ್ ಅದನ್ನು ಓದಿ ಕೊಟ್ಟ ಉತ್ತರವನ್ನೂ ಓದಿದ್ದೇನೆ. ತಾಯಿ ಮಗಳು ದ್ರಾಕ್ಷಿಯ ಬಗ್ಗೆ ಆಡಿದ ಸವಿಮಾತು ಮನ ಮುಟ್ಟುತ್ತದೆ, ಆದರೆ ಅದನ್ನು ಪ್ರಯೋಗದ ಯೋಜನೆ ಎನ್ನಲಾಗದು, ಪ್ರಯೋಗಾಲಯದ ಅಧಿಕೃತ ದಾಖಲೆ ನೋಟ್‌ಬುಕ್ ಮಾತ್ರ ಎಂದು ಅದರ ಸಾರಾಂಶ. ಇಕ್ಕಟ್ಟಿನಲ್ಲಿ ತೆಗೆಯುವುದು, ಸಡಿಲದಲ್ಲೂ ಅಷ್ಟೇ ತೆಗೆದು ಹೋಲಿಸುವುದು, ಇವೆರಡೂ ಆ ಮಾತಿನಲ್ಲಿ ಇದ್ದವು. ಇಡೀ ಪ್ರಬಂಧದಲ್ಲಿ ಇರುವುದೂ ಇವೆರಡೇ. ಜೈನಾಪುರದ ಮಾತಿನಲ್ಲಿ ಹೇಳಿದರೆ ಸವಿಮಾತು, ಇಂಗ್ಲಿಷಿನಲ್ಲಿ ಬರೆದರೆ ಯೋಜನೆ.

ತೀರ್ಪು ರಾಜಿಯ ರೂಪದಲ್ಲಿ ಬಂತು. ಹೆಸರುಗಳ ಕ್ರಮ ಬದಲಾಗಲಿಲ್ಲ. ಮೊದಲ ಎರಡು ಹೆಸರುಗಳಿಗೂ ಒಂದೊಂದು ಚುಕ್ಕಿ, ಇಬ್ಬರ ಕೊಡುಗೆಯೂ ಸಮ ಎಂದು ಕೆಳಗೆ ಸಣ್ಣಕ್ಷರ. ಅವಳ ಒಪ್ಪಂದ ಒಂದು ವರ್ಷ ಮುಂದುವರಿಯಿತು. ಆ ರಾಜಿಗೆ ಸಹಿ ಹಾಕಬೇಡ ಎಂದೆ. "ಹಾಕ್ತೀನಿ" ಎಂದಳು. "ಚುಕ್ಕಿ ಇಟ್ಕೊಂಡ ಅರ್ಜಿ ಹಾಕ್ತೀನಿ. ಹಟಾ ಮಾಡಿ ಊರಿಗೆ ಹೋದ್ರ ಅವರಿಗೇನ್ ನಷ್ಟ?"

ಅವಳು ಒಂದೇ ಒಂದು ಸಾಲು ಸೇರಿಸಲು ಕೇಳಿದಳು. ಬಿಡಿಬಿಡಿಯಾಗಿ ತೆಗೆಯುವ ಕ್ರಮ ಜೈನಾಪುರದ ದ್ರಾಕ್ಷಿ ಕೆಲಸಗಾರ್ತಿ ದ್ಯಾಮವ್ವ ಅವರಿಂದ ಬಂದದ್ದು ಎಂದು ಕೊನೆಯ ಕೃತಜ್ಞತೆಯಲ್ಲಿ. ಯೆನ್ಸ್ ನಗುತ್ತ ಒಪ್ಪಿದ, ಎಷ್ಟು ಚಂದದ ಕಥೆ ಎಂದ. ನನ್ನ ಸಿಟ್ಟು ನೆತ್ತಿಗೇರಿದ್ದು ಆಗ. ದೂರದ ಊರಿನ ತಾಯಿ ಬರಿ ಒಂದು ಕಥೆ, ಅವಳಿಗೆ ಜಾಗ ಕೊಟ್ಟರೆ ಯಾರ ಜಾಗವೂ ಹೋಗುವುದಿಲ್ಲ. ಪಕ್ಕದ ಕುರ್ಚಿಯ ಮಗಳು ಹಾಗಲ್ಲ.

ದ್ಯಾಮವ್ವನಿಗೆ ಹೇಳಿದಾಗ ಅವಳು ಹಿಗ್ಗಲಿಲ್ಲ. "ನನ್ನ ಹೆಸರ್ ತಗೊಂಡು ನೊಣ ಏನ್ ಮಾಡ್ತಾವ ಬೇ? ನಿಂದು ಮುಂದ ಯಾಕ ಇಲ್ಲ, ಅದನ್ನ ಹೇಳು."

ಈಗ ಅವಳ ಹೊಸ ನೋಟ್‌ಬುಕ್ ನೋಡಿದ್ದೇನೆ. ಪ್ರತಿ ಪುಟ "ನಾನು" ಎಂದು ಶುರುವಾಗುತ್ತದೆ. ಮೊದಲ ಕೆಲವು ಪುಟಗಳಲ್ಲಿ ಆ ಶಬ್ದದ ಮೇಲೆ ಪೆನ್ನು ಒತ್ತಿದ ಗುರುತು ಕೆಳಗಿನ ಹಾಳೆಗೂ ಇಳಿದಿದೆ. ನಮ್ಮ ಕ್ಲಿಂಗೆಲ್‌ಶಿಲ್ಡ್‌ನಲ್ಲಿ ಅವಳ ಹೆಸರು ಮೇಲಿದೆ, ನನ್ನದು ಕೆಳಗೆ. ಹಾಗಿರಲಿ ಎಂದದ್ದು ಅವಳು.

ಒಪ್ಪಬೇಕಾದ್ದು ಒಪ್ಪಬೇಕು. ಇಲ್ಲಿ ಅನ್ಯಾಯವಾದರೆ ದೂರು ಕೇಳುವ ಒಂದು ಬಾಗಿಲಾದರೂ ಇದೆ, ಅರ್ಧ ತೆರೆದರೂ ತೆರೆಯುತ್ತದೆ. ಮೆಹಬೂಬ್‌ಗೆ ಅದೂ ಇರಲಿಲ್ಲ. ಅವನ ಬಾಗಿಲಲ್ಲಿ ನಾನೇ ನಿಂತಿದ್ದೆ. ಹೀಗಾಗಿ ಈ ಬರಹವೇ ತಿದ್ದುಪಡಿ: ದ್ರಾಕ್ಷಿ ತೋಟದ ಹೆಂಗಸರ ಕೈಗಳ ವರದಿ ಬರೆದವನು ಬಬಲೇಶ್ವರದ ಮೆಹಬೂಬ್, ನಾನಲ್ಲ.

ಅವನ ಹೆಸರು ಅಚ್ಚಾಗುವ ಮುನ್ನ ಅವನ ಒಪ್ಪಿಗೆ ಬೇಕು. ಇಷ್ಟನ್ನೂ ಓದಿ, ದನಿಯಲ್ಲಿ ಹೇಳಿ ಕಳಿಸಿದೆ. ಅವನ ಸಂದೇಶ ಇವತ್ತು ಬೆಳಿಗ್ಗೆ, ಪಾಕ ಕುದಿಯುವ ಹೊತ್ತಿಗೆ ಬಂತು. ಹಿಂದೆ ಬಸ್ಸಿನ ಹಾರ್ನ್, ಚಹಾದಂಗಡಿಯ ಗದ್ದಲ. ಅದೇ ನಮ್ಮ ಕಡೆಯ ಸದ್ದು, ಕೇಳಿದೊಡನೆ ಮೈ ಬೆಚ್ಚಗಾಯಿತು.

"ಅಯ್ಯ, ಬಿಡ್ರಿ ಸರ್. ಅಷ್ಟ ವರ್ಷದ್ದು ಈಗ್ಯಾಕ ತಗೀತೀರಿ? ಆ ಸುದ್ದಿ ನಾ ಏನ್ ಬರದೇನ್ರಿ, ನೀವು ಹೇಳಿದ ಪ್ರಕಾರ ಬರದಿದ್ದೆ."

ನಾನು ಅವನಿಗೆ ಏನೂ ಹೇಳಿರಲಿಲ್ಲ. ಆ ತೋಟಗಳ ದಾರಿಯೂ ನನಗೆ ಗೊತ್ತಿರಲಿಲ್ಲ.

ಗಿಜೆಲಾ ಕೊಳವೆಗಳ ತಟ್ಟೆ ತಂದಿಟ್ಟಳು. ಚೀಟಿ ಅಂಟಿಸತೊಡಗಿದೆ.